ಮುಚ್ಚದ ಕೊಳದ ಮಹಾಸ್ನಾನ

ಹನ್ನೊಂದು ವರ್ಷಗಳ ಹಿಂದೆ, ಒಲೆಯ ಮೇಲೆ ಬಟಾಣಿ ಸೂಪು ಕುದಿಯುತ್ತಿದ್ದ ಹೊತ್ತಿನಲ್ಲಿ, ರೆಜಾನ್ ತನ್ನ ಹೆಂಡತಿ ಸೊಲಾಂಜ್‌ಗೆ ಒಂದು ಮಾತು ಕೊಟ್ಟ. ಮನೆಯ ಹಿತ್ತಲಿನಲ್ಲಿ ಆಗ ಸೊಲಾಂಜಳ ಟೊಮೆಟೊ ಪಾತಿಗಳಿದ್ದವು. ಆ ಜಾಗ ರೆಜಾನನಿಗೆ ಈಜುಕೊಳಕ್ಕೆ ಬೇಕಿತ್ತು.

"ನೋಡು, ಅದರ ಒಂದು ಕೆಲಸಾನೂ ನಿನ್ನ ತಲೆಗೆ ಬರಲ್ಲ" ಎಂದ ರೆಜಾನ್. "ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಕೃತಜ್ಞತಾ ಹಬ್ಬದ ಒಳಗೆ ನಾನೇ ನನ್ನ ಕೈಯಾರೆ ಕೊಳ ಮುಚ್ಚಿ ಚಳಿಗಾಲಕ್ಕೆ ಸಿದ್ಧ ಮಾಡ್ತೀನಿ. ಒಂದೇ ಒಂದು ವರ್ಷ ತಪ್ಪಿದ್ರೆ, ಇದೇ ಕೈಯಲ್ಲಿ ಆ ಗುಂಡಿಗೆ ಮಣ್ಣು ತುಂಬಿ ನಿನ್ನ ಟೊಮೆಟೊ ಪಾತಿ ನಿನಗೆ ವಾಪಸ್ ಕೊಡ್ತೀನಿ. ಆಯ್ತಾ?"

"ಯೋಚನೆ ಮಾಡಿ ಹೇಳ್ತಿದೀಯಾ?"

"ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

ಅದು ನಿಜ. ರೆಜಾನ್ ಯಾವುದರಲ್ಲೂ ಯೋಚನೆ ಮಾಡುವಂಥದ್ದನ್ನು ಕಂಡವನಲ್ಲ. ಒಲೆಯ ಮುಂದೆ ಸೂಪು ಕಲಕುತ್ತಿದ್ದ ಅವನ ಅತ್ತೆ ಬೆರ್ತ್ ತಿರುಗಿಯೂ ನೋಡದೆ, "ನಾನು ಕೇಳಿಸ್ಕೊಂಡಿದೀನಿ" ಎಂದರು. ಬೆರ್ತ್ ಕೇಳಿಸಿಕೊಂಡರೆಂದರೆ ಕಲ್ಲಿನಲ್ಲಿ ಕೆತ್ತಿದಂತೆ. ಅವರಿಗೆ ಕನ್ನಡಕ ಎಲ್ಲಿಟ್ಟೆನೆಂಬುದು ಮರೆಯುತ್ತಿತ್ತು, ಅಳಿಯ ಆಡಿದ ಮಾತು ಮಾತ್ರ ಒಂದಕ್ಷರ ಮರೆಯುತ್ತಿರಲಿಲ್ಲ.

ಮಾಂಟ್ರಿಯಲ್‌ನಿಂದ ನದಿ ದಾಟಿದರೆ ಸಿಗುವ ಆ ಬೀದಿಯಲ್ಲಿ ಹಿತ್ತಲಿಗೊಂದು ಕೊಳ. ಬೇಸಿಗೆ ಇರುವುದೇ ಅಂಗೈ ಅಗಲ. ಆ ಅಂಗೈ ಅಗಲದ ಬೇಸಿಗೆಗಾಗಿ ಜನ ವರ್ಷವಿಡೀ ಆ ನೀರಿನ ಸೇವೆ ಮಾಡುತ್ತಾರೆ. ರೆಜಾನ್ ಟೈಲ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸದವನು. ಅಂಗಡಿಯಲ್ಲಿ ಗಿರಾಕಿಗಳು, ಮನೆಯಲ್ಲಿ ಎರಡು ಮಕ್ಕಳು, ಫೋನಿನಲ್ಲಿ ಮಾಲೀಕ; ಎಲ್ಲರೂ ಅವನನ್ನು ಏನಾದರೊಂದು ಕೇಳುವವರೇ. ಜುಲೈನಲ್ಲಿ ಗಾಳಿ ತುಂಬಿದ ಹಾಸಿಗೆಯ ಮೇಲೆ ಹೊಟ್ಟೆ ಆಕಾಶಕ್ಕೆ ಮಾಡಿ ತೇಲುವಾಗ ಮಾತ್ರ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೂ ಕಿವಿಯೊಳಗೆ ನೀರಿರುತ್ತಿತ್ತು. ಇಡೀ ಭೂಮಂಡಲದಲ್ಲಿ ಅವನ ಆಳ್ವಿಕೆ ನಡೆಯುತ್ತಿದ್ದುದು ಆ ನೀಲಿ ಚೌಕದೊಳಗೆ ಮಾತ್ರ. ಅದನ್ನು ಕಳೆದುಕೊಂಡರೆ ಅವನಿಗೆ ಉಳಿಯುವುದು ಸ್ನಾನದ ಮನೆ. ಅದರ ಬಾಗಿಲನ್ನು ಮಕ್ಕಳು ಬಡಿಯುತ್ತಲೇ ಇರುತ್ತಾರೆ.

ಹಾಗಾಗಿ ವರ್ಷ ವರ್ಷವೂ ಅವನು ಮಾತು ಉಳಿಸಿಕೊಂಡ. ನೀರಿನ ಮಟ್ಟ ಇಳಿಸಿದ, ಪೈಪುಗಳಿಗೆ ಗಾಳಿ ಊದಿ ಒಳಗಿನ ನೀರು ಹೊರಹಾಕಿದ, ಬಾಯಿಗಳಿಗೆ ಬಿರಡೆ ಜಡಿದ, ಮೇಲೆ ಹೊದಿಕೆ ಎಳೆದು ಕಟ್ಟಿದ. ಪೈಪಿನಲ್ಲಿ ನೀರು ಉಳಿದರೆ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಪೈಪನ್ನೇ ಸೀಳುತ್ತದೆ ಎಂಬುದು ಆ ಬೀದಿಯ ಹಸುಳೆಗೂ ಗೊತ್ತು.

ಕೆಟ್ಟದ್ದು ಮರುಬೇಸಿಗೆಯಿಂದ. ಅಕ್ಟೋಬರ್‌ನಲ್ಲಿ ಒಮ್ಮೆ ಇಬ್ಬನಿ ಹೆಪ್ಪುಗಟ್ಟಿದ ಮೇಲೆ, ಹೋದ ಬೇಸಿಗೆ ಮರೆತ ಛತ್ರಿ ತೆಗೆದುಕೊಳ್ಳಲು ಬಂದವರಂತೆ ಕೆಲವು ದಿನ ಮರಳಿ ಬರುವುದುಂಟು. ಹೋದ ವರ್ಷ ರೆಜಾನ್ ಎಲ್ಲರಿಗಿಂತ ಮೊದಲು ಕೊಳ ಮುಚ್ಚಿ, ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದ. ಮಾರನೆಯ ವಾರವೇ ಸುಡುಬಿಸಿಲು. ಬೀದಿಯೆಲ್ಲ ನೀರಿಗೆ ಬಿತ್ತು. ರೆಜಾನ್ ಹೊದಿಕೆಯ ಪಕ್ಕ ಕುರ್ಚಿ ಹಾಕಿಕೊಂಡು ಬೆವರುತ್ತ ಕುಳಿತ. ಬೇಲಿಯಾಚೆಯಿಂದ ಬಂದ ನಗು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಈ ವರ್ಷ ಅವನು ಮೋಸ ಹೋಗುವವನಲ್ಲ. ಬೀದಿಯ ಕೊಳಗಳಿಗೆಲ್ಲ ಹೊದಿಕೆ ಬಿತ್ತು. ಹಿಮ ಬೀಳದಂತೆ ಕಾರುಗಳಿಗೆ ಬಿಳಿ ಗುಡಾರಗಳೂ ಎದ್ದವು. ರೆಜಾನ್ ಮಾತ್ರ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು, "ಬರುತ್ತೆ, ನೋಡ್ತಿರಿ" ಎನ್ನುತ್ತಿದ್ದ. ಮರುಬೇಸಿಗೆ ಬರಲಿಲ್ಲ. ಕೃತಜ್ಞತಾ ಹಬ್ಬ ಬಂತು.

ಹಬ್ಬದ ಬೆಳಿಗ್ಗೆ ಅವನು ಕೊಳದ ದಂಡೆಯಲ್ಲಿ ನಿಂತು ಎಲೆಗಳು ತೇಲುವುದನ್ನು ನೋಡುತ್ತಿದ್ದಾಗ, ದೇವದಾರು ಬೇಲಿಯ ಆಚೆ ಏಣಿಯ ಮೇಲಿಂದ ಒಂದು ತಲೆ ಎದ್ದಿತು. ಅದು ಓಡಿಲ್ ಅವರ ತಲೆ. ಇಗರ್ಜಿಯ ಗಾಯನ ವೃಂದ ನಡೆಸುವವರು. ಬೇಲಿ ಕತ್ತರಿಸುವ ನೆಪದಲ್ಲಿ ಊರು ನೋಡುವುದು ಅವರ ರೂಢಿ.

"ರೆಜಾನ್, ಇನ್ನೂ ಮುಚ್ಚಿಲ್ವಾ? ನಮ್ಮ ಬೀದೀಲಿ ನಿಮ್ಮದೊಂದೇ ಬಾಯಿ ತೆಗ್ದುಕೊಂಡು ಕೂತಿರೋದು!"

"ಮರೆತುಹೋಯಿತು" ಎಂದರೆ ಮುಗಿಯುತ್ತಿತ್ತು. "ಕಾಯ್ತಿದ್ದೆ" ಎಂದರೂ ಒಂದು ದಿನದ ನಗುವಿಗೆ ಮುಗಿಯುತ್ತಿತ್ತು. ಆದರೆ ಹೋದ ವರ್ಷದ ಮುಳ್ಳು ಚುಚ್ಚಿತು. ಕ್ಷೌರದಂಗಡಿಯ ಹಳೆಯ ಪತ್ರಿಕೆಯಲ್ಲಿ, ಹಿಮದ ನಡುವೆ ತೊಟ್ಟಿಯಲ್ಲಿ ಕುಳಿತು ಹಲ್ಲು ಕಿರಿಯುತ್ತಿದ್ದ ಯಾರದೋ ಚಿತ್ರ ಕಣ್ಣ ಮುಂದೆ ಬಂತು.

"ಈ ವರ್ಷ ಮುಚ್ಚಲ್ಲ ಮದಾಂ" ಎಂದ ರೆಜಾನ್, ಗಂಟಲು ಸರಿಮಾಡಿಕೊಂಡು. "ತಣ್ಣೀರ ಸ್ನಾನ. ಚಳಿಗಾಲ ಪೂರ್ತಿ, ದಿನಾ ಬೆಳಿಗ್ಗೆ. ರಕ್ತಕ್ಕೆ ಒಳ್ಳೇದು. ಮುಚ್ಚೋದು ಹೆದರುವವರು."

ಕತ್ತರಿ ಅಲ್ಲೇ ನಿಂತಿತು. "ಹಿಮದಲ್ಲೂ?"

"ಹಿಮದಲ್ಲೇ ಮಜಾ."

ಟರ್ಕಿ ಕೋಳಿ ಒಲೆಯಿಂದ ಹೊರಬರುವ ಮೊದಲೇ ಗಾಯನ ವೃಂದದ ಏರುಸ್ವರ, ಇಳಿಸ್ವರ ಎರಡೂ ಸಾಲಿಗೆ ವಿಷಯ ತಲುಪಿತ್ತು.

ಮಧ್ಯಾಹ್ನ ಊಟಕ್ಕೆ ಬಂಧುಗಳು ಕೂತರು. ಬೆರ್ತ್ ಕಿಟಕಿಯಿಂದ ಹಿತ್ತಲು ನೋಡಿ, ಅಳಿಯನನ್ನು ನೋಡಿ, ಮತ್ತೆ ಹಿತ್ತಲು ನೋಡಿದರು.

"ಸೊಲಾಂಜ್, ಟೊಮೆಟೊ ಬೀಜ ಯಾವ ಜಾತೀದು ತರಲಿ? ದಪ್ಪದ್ದೋ, ಉದ್ದದ್ದೋ?"

ರೆಜಾನನ ಗಂಟಲಲ್ಲಿ ಕೋಳಿ ಸಿಕ್ಕಿಕೊಂಡಿತು. ಸೊಲಾಂಜ್ ಚಾಕು ಕೆಳಗಿಟ್ಟು ಅವನ ಮುಖ ನೋಡಿದಳು. ಅಷ್ಟರಲ್ಲಿ ಷಡ್ಡಕ ಫಾಬಿಯಾನ್, ಸೊಲಾಂಜಳ ತಂಗಿಯ ಗಂಡ, ಊರಿನ ಹಲ್ಲಿನ ಡಾಕ್ಟರು, ಬಿಸಿನೀರಿನ ಕೊಳದ ಒಡೆಯ, ಬಾಯಿ ಹಾಕಿದ.

"ಏನ್ ಭಾವ, ಇನ್ಮೇಲೆ ಮಂಜುನೀರಲ್ಲಿ ಸ್ನಾನವಂತೆ? ಗೇಟಿನ ಹತ್ರ ನಿಮ್ಮ ಪಕ್ಕದ ಮನೆಯವರು ಹೇಳಿದ್ರು. ನಮ್ಮಂಥವರ ಕೈಲಿ ಆಗೋದಲ್ಲ ಬಿಡಿ."

ಹತ್ತು ವರ್ಷದಲ್ಲಿ ಫಾಬಿಯಾನ್ ತನ್ನ ಕೈಲಿ ಆಗದ ಕೆಲಸವೊಂದಿದೆ ಎಂದು ಒಪ್ಪಿಕೊಂಡಿದ್ದು ಅದೇ ಮೊದಲು. ರೆಜಾನ್ ಹೂಂ ಎಂದ. ಇಲ್ಲ ಎನ್ನುವ ಶಕ್ತಿ ಆ ಕ್ಷಣದಲ್ಲಿ ಸಂತರಿಗೂ ಇರುತ್ತಿರಲಿಲ್ಲ.

ಸೊಲಾಂಜಳ ಕಣ್ಣು ಮೆತ್ತಗಾಯಿತು. "ರಕ್ತದೊತ್ತಡಕ್ಕೆ ಅಂತ ಮಾಡ್ತಿದೀಯಾ? ಡಾಕ್ಟರು ಹೇಳಿದ್ದು ಕಿವಿಗೇ ಬಿದ್ದಿಲ್ಲ ಅಂದ್ಕೊಂಡಿದ್ದೆ."

ಬೆರ್ತ್ ಮಾತ್ರ ಮೆತ್ತಗಾಗಲಿಲ್ಲ. ಆಲೂಗಡ್ಡೆ ಬಡಿಸಿಕೊಳ್ಳುತ್ತ ತೀರ್ಪು ಕೊಟ್ಟರು. "ಬಳಸೋ ಕೊಳ ಮುಚ್ಚದೇ ಇದ್ರೆ ಮಾತು ತಪ್ಪಿದ ಹಾಗಲ್ಲ. ಒಪ್ದೆ. ಆದ್ರೆ ದಿನಾ ಇಳೀಬೇಕು ಅಳಿಯ. ಇಳೀಲಿಲ್ವೋ, ಹಬ್ಬದೊಳಗೆ ಮುಚ್ಚದೇ ಬಿಟ್ಟದ್ದು ಬಿಟ್ಟದ್ದೇ. ಟೊಮೆಟೊ."

ಹೀಗೆ ರೆಜಾನನ ರಾಜ್ಯ ಉಳಿಯಿತು. ಉಳಿಸಿಕೊಳ್ಳಲು ದಿನಾ ಅದರೊಳಗೆ ಇಳಿಯಬೇಕಾಗಿತ್ತು, ಅಷ್ಟೆ. ಈಗ ಮುಚ್ಚೋಣವೆಂದರೆ ಹಬ್ಬ ದಾಟಿಹೋಗಿದೆ. ಮುಚ್ಚಿದರೂ ಟೊಮೆಟೊ, ಇಳಿಯದಿದ್ದರೂ ಟೊಮೆಟೊ.

ಮೊದಲ ಬೆಳಿಗ್ಗೆ ಅವನು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದ. ಇದನ್ನು ಅವನ ಪರವಾಗಿ ಹೇಳಲೇಬೇಕು. ಚಡ್ಡಿ ತೊಟ್ಟ, ಏಣಿ ಹಿಡಿದ, ಬಲಗಾಲಿನ ಹೆಬ್ಬೆರಳನ್ನು ನೀರಿನ ಮೇಲೆ ಹಿಡಿದ. ಹೆಬ್ಬೆರಳು ಒಪ್ಪಲಿಲ್ಲ. ಎಡಗಾಲನ್ನು ಕೇಳಿದ. ಅದೂ ಬಲಗಾಲಿನ ಪಕ್ಷವನ್ನೇ ಸೇರಿತು.

ಸೊಲಾಂಜ್ ಬೇಕರಿಯಲ್ಲಿ ಕೆಲಸದವಳು. ಬೆಳಕು ಹರಿಯುವ ಮುನ್ನವೇ ಹೊರಟುಹೋಗುತ್ತಿದ್ದಳು. ಮಕ್ಕಳು ಇನ್ನೂ ಹೊದ್ದು ಮಲಗಿರುತ್ತಿದ್ದರು. ದೇವದಾರು ಬೇಲಿ ಆಳೆತ್ತರ. ಆ ಹೊತ್ತಿನಲ್ಲಿ ಓಡಿಲ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಇರುತ್ತಾರೆ. ಕಣ್ಣಿಗೆ ಕಾಣದು, ಕಿವಿಗೆ ಎಲ್ಲ ಕೇಳುತ್ತದೆ. ರೆಜಾನನ ಬುದ್ಧಿ ಚುರುಕಾಗುವುದು ಇಂಥ ಕಡೆಯೇ. ಗ್ಯಾರೇಜಿನಿಂದ ಒಂದು ಬಕೆಟ್ಟು ಬಿಸಿನೀರು ತಂದ. ಎಲೆ ತೆಗೆಯುವ ಜಾಲರಿಯ ಕೋಲಿನಿಂದ ಕೊಳದ ನೀರನ್ನು ಪಟಾರ್ ಎಂದು ಬಡಿದ. ಹೊಟ್ಟೆಯ ಬುಡದಿಂದ "ಹೋಓಓಯ್!" ಎಂದು ಕೂಗಿದ. ಬಿಸಿನೀರು ತಲೆಗೆ ಸುರಿದುಕೊಂಡು, ಟವೆಲು ಹೊದ್ದು, ಮುಂಬಾಗಿಲ ಕಡೆಯಿಂದ ಪೇಪರು ತರುವ ನೆಪದಲ್ಲಿ ಬೀದಿಗೆ ಒಂದು ದರ್ಶನ ಕೊಟ್ಟು ಒಳಗೆ ಹೋದ. ಒದ್ದೆ ತಲೆಯಿಂದ ಆವಿ ಏಳುತ್ತಿತ್ತು. ಮೈಯೊಳಗಿನ ಕಾವೇ ಹಾಗೆ ಹೊರಬರುತ್ತದೆ ಎಂದು ಬೀದಿ ಮಾತಾಡಿಕೊಂಡಿತು.

ಸಂಜೆ ಸೊಲಾಂಜ್ ಬೇಲಿಯ ಬಳಿ ಕೇಳುತ್ತಿದ್ದಳು. "ಇವತ್ತು ಇಳಿದ್ನಾ?"

"ಇಳೀದೆ ಇರ್ತಾರಾ! ಧಡ್ ಅಂತ ಬಿದ್ದದ್ದು ಕೇಳ್ತು, ಕೂಗೂ ಕೇಳ್ತು" ಎನ್ನುತ್ತಿದ್ದರು ಓಡಿಲ್. "ಎಂಥಾ ಕಂಠ ರೀ! ನಮ್ಮ ವೃಂದದಲ್ಲಿ ಅಷ್ಟು ಕೆಳಗೆ ಹೋಗೋ ಗಂಡಸು ಒಬ್ಬನೂ ಇಲ್ಲ."

ಸೊಲಾಂಜ್ ಅವನಿಗೆ ಉಣ್ಣೆಯ ಟೋಪಿ ಹೆಣೆದಳು. ಓಟ್ಸ್ ಗಂಜಿಗೆ ಮೇಪಲ್ ಪಾಕ ಧಾರಾಳವಾಗಿ ಸುರಿದಳು. ಬೇಕರಿಗೆ ಬಂದವರಿಗೆಲ್ಲ ಬ್ರೆಡ್ಡಿನ ಜೊತೆ ಗಂಡನ ಕಥೆಯನ್ನೂ ಕಟ್ಟಿಕೊಟ್ಟಳು. ಮದುವೆಯಾದ ಮೇಲೆ ಅವಳು ಗಂಡನ ಬಗ್ಗೆ ಯಾರ ಮುಂದೂ ಜಂಬ ಕೊಚ್ಚಿಕೊಂಡವಳಲ್ಲ. ಕೊಚ್ಚಿಕೊಳ್ಳಲು ಸಾಮಗ್ರಿ ಇರಲಿಲ್ಲ. ರೆಜಾನ್ ಗಂಜಿ ತಿಂದ. ಪಾಕ ಹೆಚ್ಚಿದಷ್ಟೂ ಹೆಂಡತಿಯ ಮುಖ ನೋಡುವುದು ಕಷ್ಟವಾಯಿತು, ಆದರೂ ತಿಂದ.

ಅಂಗಡಿಯಲ್ಲಿ ಗಿರಾಕಿಗಳು ಟೈಲ್ಸ್ ಬಿಟ್ಟು ರಕ್ತ ಸಂಚಾರದ ಬಗ್ಗೆ ಕೇಳತೊಡಗಿದರು. "ಮೊದಲ ದಿನ ಎಷ್ಟು ಹೊತ್ತು ಇರಬೇಕು ಸಾರ್?" ರೆಜಾನ್ ಅಡುಗೆಮನೆ ಟೈಲಿನ ಬಗ್ಗೆ ಹೇಳುವಷ್ಟೇ ಧೈರ್ಯದಿಂದ ಹೇಳಿದ. "ಮನಸ್ಸು ಗಟ್ಟಿ ಇದ್ರೆ ಹೊತ್ತು ಲೆಕ್ಕಕ್ಕೆ ಬರಲ್ಲ. ಉಸಿರು ಹೊಕ್ಕಳಲ್ಲಿ ಇರಬೇಕು." ಒಬ್ಬ ಮುದುಕ ಅದನ್ನು ಅಂಗೈ ಮೇಲೆ ಬರೆದುಕೊಂಡ.

ನವೆಂಬರ್ ಹತ್ತಿರ ಬಂತು, ಜೊತೆಗೆ ಪುರಸಭೆ ಚುನಾವಣೆ. ಒಂದು ಸಂಜೆ ಆ ಭಾಗದ ಸದಸ್ಯೆ ಮದಾಂ ಲಾಬ್ರೆಕ್ ಮನೆಗೇ ಬಂದರು. ಹೊದಿಕೆಯಿಲ್ಲದ ಕೊಳಕ್ಕೆ ನೋಟೀಸು ಕೊಡಲು ಬಂದರೆಂದು ರೆಜಾನನಿಗೆ ಒಳಗೊಳಗೇ ಆಸೆ ಹುಟ್ಟಿತು. ಸರ್ಕಾರವೇ ಮುಚ್ಚಿಸಿದರೆ ಅತ್ತೆಯೂ ಏನೂ ಮಾಡುವಂತಿಲ್ಲ!

"ನೋಟೀಸಾ? ಛೆ ಛೆ!" ಎಂದರು ಲಾಬ್ರೆಕ್. "ನಾನು ಬಂದಿರೋದು ಅಭಿನಂದಿಸೋಕೆ. ಪಕ್ಕದೂರಿನವರು ಮಂಜಿನ ಅರಮನೆ ಕಟ್ತಾರೆ, ನಮ್ಮೂರಲ್ಲಿ ಏನಿದೆ ಹೇಳಿ? ನೀವಿದೀರಿ. ಭಾನುವಾರ ಪೂಜೆ ಮುಗಿದ ಮೇಲೆ ಸಾಮೂಹಿಕ ಸ್ನಾನ. ನೀವು ಮೊದಲು ಇಳೀತೀರಿ, ಊರು ನಿಮ್ಮ ಹಿಂದೆ. ನಾನು ಎರಡು ಮಾತು ಆಡ್ತೀನಿ."

"ಆದ್ರೆ ಮದಾಂ, ಅಪಾಯ... ಎಲ್ಲರಿಗೂ ಅಭ್ಯಾಸ ಇರಲ್ಲ..."

"ಅದಕ್ಕೇ ನೀವಿರೋದು!"

ಸೊಲಾಂಜ್ ಬೇಕರಿಗೆ ರಜೆ ಹಾಕಿದಳು.

ಭಾನುವಾರ ಬೆಳಿಗ್ಗೆ ಕೊಳದ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟಿತ್ತು, ಕೆನೆಗಟ್ಟಿದ ಹಾಲಿನಂತೆ. ಹಿತ್ತಲು ತುಂಬ ಜನ. ಉದ್ದ ನಿಲುವಂಗಿ, ಕಾಲಿಗೆ ಹಿಮದ ಬೂಟು, ತಲೆಗೆ ಟೋಪಿ. ಫಾಬಿಯಾನ್ ತನ್ನ ಹೆಸರಿನ ಅಕ್ಷರ ಕಸೂತಿ ಹಾಕಿಸಿದ ಹೊಸ ನಿಲುವಂಗಿಯಲ್ಲಿ ಬಂದಿದ್ದ, ಕೈಯಲ್ಲಿ ಉಷ್ಣಮಾಪಕ. ಗಾಯನ ವೃಂದ ದಂಡೆಯ ಉದ್ದಕ್ಕೂ ಸಾಲಾಗಿ ನಿಂತಿತ್ತು. ಬೆರ್ತ್ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಕಂಬಳಿ ಹೊದ್ದು.

ಲಾಬ್ರೆಕ್ ಎರಡು ಮಾತು ಆಡಿದರು. ಆ ಎರಡು ಮಾತಿನಲ್ಲಿ ರಸ್ತೆ ಗುಂಡಿ, ಗ್ರಂಥಾಲಯ, ಹಿಮ ತೆಗೆಯುವ ಲಾರಿ, ಆಮೇಲೆ ಕೊನೆಗೆ ರೆಜಾನ್ ಬಂದ. ಚಪ್ಪಾಳೆ.

ರೆಜಾನ್ ಟೋಪಿ ತೆಗೆಯದೆ ಮುಂದೆ ಬಂದ. ಅವನಲ್ಲಿ ಉಳಿದಿದ್ದ ಒಂದೇ ಆಯುಧ ಮಾತು.

"ಗೆಳೆಯರೇ, ಅವಸರ ಕೂಡದು. ಮೊದಲು ಉಸಿರು. ಎಲ್ಲರೂ ಉತ್ತರಕ್ಕೆ ತಿರುಗಿ."

ಊರು ಉತ್ತರಕ್ಕೆ ತಿರುಗಿತು. ಫಾಬಿಯಾನ್ ಫೋನಿನಲ್ಲಿ ದಿಕ್ಸೂಚಿ ನೋಡಿ ಒಂದಿಷ್ಟು ಎಡಕ್ಕೆ ಸರಿದ.

"ಈಗ ನಿಮ್ಮ ಪಿತ್ತಕೋಶದ ಬಗ್ಗೆ ಯೋಚಿಸಿ. ಅದಕ್ಕೆ ಧೈರ್ಯ ಹೇಳಿ."

ಊರು ಪಿತ್ತಕೋಶಕ್ಕೆ ಧೈರ್ಯ ಹೇಳಿತು. ಆಮೇಲೆ ಮೊಣಕಾಲಿಗೆ, ಆಮೇಲೆ ಎರಡೂ ಕಿವಿಗಳಿಗೆ. ಇನ್ನು ಯಾವ ಅಂಗವೂ ಉಳಿಯದೆ ರೆಜಾನ್ ತಡವರಿಸುತ್ತಿರುವಾಗ ಬೆರ್ತ್ ಕುರ್ಚಿಯಿಂದ ಕೂಗಿದರು.

"ಅಳಿಯ, ಮೈಯೆಲ್ಲ ಮುಗೀತಲ್ಲ? ಇಳೀತೀಯೋ, ನಾನು ಬೀಜ ತರಲೋ?"

ಇನ್ನು ದಾರಿಯಿರಲಿಲ್ಲ. ರೆಜಾನ್ ನಿಲುವಂಗಿ ಕಳಚಿದ. ಏಣಿ ಹಿಡಿದ. ವೃಂದ ಹಾಡತೊಡಗಿತು. ಅವನ ಹೆಬ್ಬೆರಳು ಮಂಜುಗಡ್ಡೆ ತೂರಿ ನೀರು ಮುಟ್ಟಿತು.

"ಈಈಈಈಕ್!"

ಬಾಲ ತುಳಿಸಿಕೊಂಡ ಬೆಕ್ಕೂ ಅಷ್ಟು ಎತ್ತರಕ್ಕೆ ಹೋಗದು. ಮರುಕ್ಷಣ ರೆಜಾನ್ ದಂಡೆಯ ಮೇಲೆ ಒಂಟಿಕಾಲಿನಲ್ಲಿ ಕುಣಿಯುತ್ತಿದ್ದ. ಓಡಿಲ್ ಕೈ ಎತ್ತಿದರು. ವೃಂದ ಗಪ್ಪೆಂದು ನಿಂತಿತು.

"ತಡೀರಿ" ಎಂದರು ಓಡಿಲ್. "ಇದು ಆ ಕಂಠ ಅಲ್ಲ."

"ಯಾವ ಕಂಠ?" ಎಂದರು ಲಾಬ್ರೆಕ್.

"ದಿನಾ ಬೆಳಿಗ್ಗೆ ಈ ಕೊಳದಲ್ಲಿ ಕೂಗೋದು. ಅದು ಕೆಳಸ್ವರ, ಗುಡುಗಿನ ಹಾಗೆ. ಇದನ್ನ ನಾನು ಹೆಂಗಸರ ಸಾಲಿಗೂ ಸೇರಿಸ್ಕೊಳ್ಳಲ್ಲ. ನನ್ನ ಕಿವಿ ಇವತ್ತಿನವರೆಗೂ ತಪ್ಪಿಲ್ಲ. ದಿನಾ ಇಳೀತಿದ್ದದ್ದು ಬೇರೆ ಗಂಡಸು!"

ಫಾಬಿಯಾನ್ ಉಷ್ಣಮಾಪಕ ಜೇಬಿಗಿಟ್ಟುಕೊಂಡು ನಿಧಾನವಾಗಿ ಹೇಳಿದ.

"ಅಂದ್ರೆ... ದಿನಾ ಬೆಳಿಗ್ಗೆ ಈ ಮನೆ ಹಿತ್ತಲಿಗೆ ಬಂದು ಸ್ನಾನ ಮಾಡಿ ಹೋಗ್ತಿದ್ದ ಗಂಡಸು ಯಾರು?"

ಊರಿಗೆ ಊರೇ ಸೊಲಾಂಜಳ ಕಡೆ ತಿರುಗಿತು. ಈ ಸಲ ಯಾರಿಗೂ ದಿಕ್ಸೂಚಿ ಬೇಕಾಗಲಿಲ್ಲ. ಆ ಹೊತ್ತಿನಲ್ಲಿ ಅವಳು ಬೇಕರಿಯಲ್ಲಿರುತ್ತಾಳೆ, ಅಲ್ಲಿ ಬ್ರೆಡ್ಡು ಕೊಂಡವರೇ ಇಲ್ಲಿ ಅರ್ಧ ಜನ, ಎಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ. "ಅದಕ್ಕೇ ಉಣ್ಣೆ ಟೋಪಿ ಹೆಣೀತಿದ್ಲು" ಎಂದಿತು ಹಿಂದಿನ ಸಾಲು. "ಕೆಳಸ್ವರದವನು ಅಂದ್ರೆ ಎತ್ತರದ ಆಳೇ ಇರಬೇಕು" ಎಂದಿತು ಅದರ ಹಿಂದಿನ ಸಾಲು. ಲಾಬ್ರೆಕ್ ತಾವು ಕರೆತಂದಿದ್ದ ಕ್ಯಾಮೆರಾದವನಿಗೆ ಬೇಡವೆಂದು ಕೈ ಮಾಡಿದರು. ಅವನು ಇನ್ನೂ ಹತ್ತಿರ ಬಂದ.

ಸೊಲಾಂಜಳ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಗಂಡನ ಕಡೆ ನೋಡಿದಳು, ಅಷ್ಟೆ.

ರೆಜಾನ್ ಒಂಟಿಕಾಲಿನಲ್ಲೇ ಒಂದು ಗಳಿಗೆ ನಿಂತ. ಸುಮ್ಮನಿದ್ದರೆ ಕೊಳ ಉಳಿಯುತ್ತದೆ. ಆ ಎತ್ತರದ ಆಳಿನ ತಲೆಗೆ ಎಲ್ಲ ಕಟ್ಟಬಹುದು. ನಾನೂ ಇಳಿಯುತ್ತಿದ್ದೆ, ಅವನೂ ಇಳಿಯುತ್ತಿದ್ದ ಎನ್ನಬಹುದು. ಅವನ ಬಾಯಿ ಅದಕ್ಕೆ ತಯಾರಾಗಿಯೇ ತೆರೆಯಿತು. ಹೆಂಡತಿ ಇನ್ನೂ ನೋಡುತ್ತಿದ್ದಳು.

"ಯಾರೂ ಇಲ್ಲ!" ಎಂದು ಕಿರುಚಿದ. "ನಾನೇ! ಬಕೆಟ್ಟಲ್ಲಿ ಬಿಸಿನೀರು! ಒಂದು ದಿನಾನೂ ಇಳೀಲಿಲ್ಲ!"

"ಧಡ್ ಅಂತ ಬಿದ್ದಿದ್ದು?" ಎಂದರು ಓಡಿಲ್.

"ಎಲೆ ತೆಗೆಯೋ ಜಾಲರಿ."

"ಸುಳ್ಳು. ಹೆಂಡತಿ ಮರ್ಯಾದೆ ಕಾಪಾಡೋಕೆ ಹೇಳ್ತಿದಾರೆ ಪಾಪ" ಎಂದ ಫಾಬಿಯಾನ್, ಕಣ್ಣಂಚು ಒರೆಸಿಕೊಳ್ಳುತ್ತ. ಜನ ತಲೆದೂಗಿದರು. ರೆಜಾನ್ ಬದುಕಿನಲ್ಲಿ ಮೊದಲ ಬಾರಿಗೆ ಇಷ್ಟು ದೊಡ್ಡ ಸತ್ಯ ಹೇಳಿದ್ದ. ಅದನ್ನು ನಂಬುವವರು ಹಿತ್ತಲಿನಲ್ಲಿ ಒಬ್ಬರೂ ಇರಲಿಲ್ಲ.

"ಹಾಗಾದ್ರೆ ಕೂಗಿ ತೋರಿಸಲಿ" ಎಂದರು ಬೆರ್ತ್.

ಗ್ಯಾರೇಜಿನಿಂದ ಬಕೆಟ್ಟು ಬಂತು, ಜಾಲರಿ ಬಂತು. ಬರಿಮೈಯಲ್ಲಿ, ಚಡ್ಡಿ ಮತ್ತು ಉಣ್ಣೆಯ ಟೋಪಿಯಲ್ಲಿ, ಊರಿನ ಮುಂದೆ, ರೆಜಾನ್ ಮಂಜುಗಡ್ಡೆಗೆ ಜಾಲರಿಯಿಂದ ಬಡಿದು ಹೊಟ್ಟೆಯ ಬುಡದಿಂದ ಕೂಗಿದ. "ಹೋಓಓಯ್!"

ಓಡಿಲ್ ಕಣ್ಣು ಮುಚ್ಚಿ ಕೇಳಿದರು. "ಇನ್ನೊಮ್ಮೆ."

"ಹೋಓಓಯ್!"

"ಇದೇ. ಇದೇ ಸ್ವರ." ಅವರು ನಿಟ್ಟುಸಿರು ಬಿಟ್ಟರು. "ಎಂಥಾ ಕಂಠ ವ್ಯರ್ಥವಾಯ್ತು!"

ಊರಿಗೆ ನಿರಾಸೆಯಾಯಿತು. ಎತ್ತರದ ಆಳು ಇದ್ದಿದ್ದರೆ ವಸಂತದವರೆಗೂ ಮಾತಿಗೆ ಸಾಮಗ್ರಿಯಿರುತ್ತಿತ್ತು. ಜನ ನಿಲುವಂಗಿ ಬಿಗಿದುಕೊಂಡು ಹೊರಡಲು ತಯಾರಾದರು. "ಹೊತ್ತು ಹಾಳು" ಎಂದಿತು ಹಿಂದಿನ ಸಾಲು.

"ಇಷ್ಟು ದೂರ ಬಂದಿದೀನಿ" ಎಂದು ಬೆರ್ತ್ ಕಂಬಳಿ ಕೆಳಗೆ ಹಾಕಿ ಎದ್ದರು. ಒಳಗೆ ಈಜುಡುಗೆಯಿತ್ತು, ಅವರ ಮದುವೆಯ ಕಾಲದ್ದು. ಯಾರಾದರೂ ಕೈಹಿಡಿಯುವ ಮೊದಲೇ ಏಣಿ ಇಳಿದು ಕತ್ತಿನವರೆಗೆ ನೀರಲ್ಲಿ ನಿಂತರು. ಮಂಜುಗಡ್ಡೆಯ ಚೂರೊಂದನ್ನು ಸೌಟಿನಿಂದ ಕೆನೆ ಸರಿಸುವವರ ಹಾಗೆ ಪಕ್ಕಕ್ಕೆ ತಳ್ಳಿದರು.

"ಗಾಸ್ಪೆ ಕಡಲ ಹತ್ರ ಹುಟ್ಟಿದವಳು ನಾನು. ಅಲ್ಲಿ ಜೂನ್‌ನಲ್ಲೂ ನೀರು ಇದಕ್ಕಿಂತ ತಣ್ಣಗಿರ್ತಿತ್ತು. ಏನು, ಯಾರೂ ಬರಲ್ವಾ? ಫಾಬಿಯಾನ್, ಕಸೂತಿ ತೋರಿಸೋಕೆ ಬಂದ್ಯಾ?"

ಫಾಬಿಯಾನ್ ಇಳಿದ. ಇಳಿದದ್ದೂ ಹತ್ತಿದ್ದೂ ಒಂದೇ ಚಲನೆಯೆಂಬಂತೆ ಇಳಿದ. ಆಮೇಲೆ ಓಡಿಲ್, ಆಮೇಲೆ ಅರ್ಧ ಊರು. ಕ್ಯಾಮೆರಾದವನು ಬೆರ್ತ್ ಅವರ ಚಿತ್ರ ತೆಗೆದ. ಲಾಬ್ರೆಕ್ ಪಕ್ಕದಲ್ಲಿ ಮೊಣಕಾಲಿನವರೆಗೆ ಇಳಿದು ನಿಂತರು, ಚುನಾವಣೆ ಗೆದ್ದೂ ಗೆದ್ದರು. ಎಲ್ಲರೂ ಇಳಿದರು, ಕೊಳದ ಒಡೆಯನೊಬ್ಬನನ್ನು ಬಿಟ್ಟು. ಅವನು ದಂಡೆಯಲ್ಲಿ ಟವೆಲು ಹಂಚುತ್ತಿದ್ದ.

ಜನ ಹೋದ ಮೇಲೆ ಸೊಲಾಂಜ್ ಅವನ ಹೆಗಲಿಗೆ ಕಂಬಳಿ ಹೊದಿಸಿದಳು.

"ಸುಳ್ಳು ಹೇಳಿದ್ದಕ್ಕೆ ಕೋಪ ಇದೆ" ಎಂದಳು. "ನಿಜ ಹೇಳಿದ್ದಕ್ಕೆ ಗಂಜಿ ಇಟ್ಟಿದೀನಿ. ಬಾ."

"ಕೊಳ?"

"ಹೆಪ್ಪುಗಟ್ಟಿದ ನೆಲ ಕರಗೋದು ಮೇ ತಿಂಗಳಲ್ಲಿ" ಎಂದಳು ಸೊಲಾಂಜ್.

ಜನವರಿಯಲ್ಲಿ ಪೈಪು ಸೀಳಿತು. ಫೆಬ್ರವರಿಯಲ್ಲಿ ಸ್ನಾನದ ಸಂಘ ಬೆರ್ತ್ ಅವರ ಅಧ್ಯಕ್ಷತೆಯಲ್ಲಿ ಫಾಬಿಯಾನನ ಕೊಳಕ್ಕೆ ವರ್ಗವಾಯಿತು. ಅವರ ಆಜ್ಞೆಯ ಮೇರೆಗೆ ಅವನು ಬಿಸಿನೀರಿನ ಯಂತ್ರ ಆರಿಸಬೇಕಾಯಿತು. ಮೇ ತಿಂಗಳಲ್ಲಿ ರೆಜಾನ್ ತಾನೇ ಅಂಟಿಸಿದ್ದ ನೀಲಿ ಟೈಲ್ಸ್ ಸುತ್ತಿಗೆಯಿಂದ ಒಡೆದು, ತಳಕ್ಕೆ ತೂತು ಕೊರೆದು, ಲಾರಿಯಲ್ಲಿ ಬಂದ ಮಣ್ಣನ್ನು ತಳ್ಳುಗಾಡಿಯಲ್ಲಿ ತಂದು ತಂದು ಸುರಿದ. ಸಹಾಯಕ್ಕೆ ಬಂದವರನ್ನು ವಾಪಸ್ ಕಳಿಸಿದ. ಜೂನ್ ಮೊದಲ ವಾರ ಗುಂಡಿ ತುಂಬಿತು. ಸೊಲಾಂಜ್ ಟೊಮೆಟೊ ಸಸಿ ನೆಟ್ಟಳು.

ರೆಜಾನ್ ಕೊಟ್ಟ ಮಾತು ನಡೆಸಿದ.